ಯಾರನ್ನು ಕೇಳಿದಿರಿ, ಹೇಗೆ ಕೇಳಿದಿರಿ?

(ಮಂಗಳೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರ ಮುಂದೆ ಸಮುದಾಯ ಆರೋಗ್ಯ ವಿಭಾಗದ ಅಧ್ಯಾಪಕಿಯೊಬ್ಬರು ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಸಣ್ಣ ಪ್ರಶ್ನೆ. ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಖಾಲಿ ಚೀಟಿ ಸಿಕ್ಕಿರಬೇಕು. ಅದು ಆಮೇಲೆ. ಈಗ ಸುಮ್ನೆ ಕೈ ಎತ್ತಿದರೆ ಸಾಕು. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂತಿದ್ದೀರಿ. ಎಲೆಗೆ ಅನ್ನ ಬಿದ್ದಾಗಿದೆ, ಸಾರು ಬರುತ್ತಿದೆ. ಬಡಿಸುತ್ತಿರುವವರಿಗೆ ಎಚ್‌ಐವಿ ಇದೆ ಅಂತ ಪಕ್ಕದವರು ನಿಮ್ಮ ಕಿವಿಯಲ್ಲಿ ಹೇಳಿದರು. ಆ ಊಟ ಮಾಡಲು ನಿಮಗೆ ಅಳುಕಾಗುತ್ತದಾ? ಆಗುತ್ತದೆ ಎನ್ನುವವರು ಕೈ ಎತ್ತಿ.

ಒಬ್ಬರೂ ಇಲ್ಲ. ಸಂತೋಷ. ಹಿಂದಿನ ಸಾಲಿನಲ್ಲಿ ಒಬ್ಬರು ಅರ್ಧ ಎತ್ತಿ ತಲೆ ಕೆರೆದುಕೊಂಡಿರಿ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಅದೇ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಕೊಡಿ. ಅಳುಕಾಗುತ್ತದೆ ಅಂತಾದರೆ ಒಂದು ಗೀಟು, ಇಲ್ಲ ಅಂತಾದರೆ ಒಂದು ಸೊನ್ನೆ. ಅಕ್ಷರ ಬರೆಯಬೇಡಿ, ಅಕ್ಷರದಲ್ಲಿ ಗುರುತು ಸಿಗುತ್ತದೆ. ಹೆಸರಂತೂ ಬೇಡವೇ ಬೇಡ. ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿ. ಡಬ್ಬಿ ಸಾಲು ಸಾಲಾಗಿ ಬರುತ್ತದೆ.

ಅದು ತಿರುಗುತ್ತಿರಲಿ. ಅಷ್ಟರಲ್ಲಿ ಒಂದು ಲೆಕ್ಕದ ಕತೆ ಹೇಳುತ್ತೇನೆ.

ನಮ್ಮ ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 25 ಲಕ್ಷ ಅಂತ ಪೇಪರಿನಲ್ಲಿ ಓದಿರುತ್ತೀರಿ. ಇದನ್ನು ಎಣಿಸಿದವರು ಯಾರು? ಜನಗಣತಿಯವರ ಹಾಗೆ ಮನೆಮನೆಗೆ ಹೋಗಿ ‘ನಿಮ್ಮಲ್ಲಿ ಎಷ್ಟು ಜನಕ್ಕೆ ಉಂಟು’ ಅಂತ ಕೇಳಲು ಆಗುವುದಿಲ್ಲ. ಕೇಳಿದರೂ ಹೇಳುವವರಿಲ್ಲ. ಎಷ್ಟೋ ಜನರಿಗೆ ತಮಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಅಡ್ಡದಾರಿಯಿಂದ ಹೋಗಬೇಕು.

1998ರಿಂದ ದೇಶದ ತುಂಬ ನಡೆಯುತ್ತಾ ಬಂದದ್ದು ಸೆಂಟಿನೆಲ್ ಸರ್ವೇ. ಆಯ್ದ ಕೆಲವು ಸರ್ಕಾರಿ ಆಸ್ಪತ್ರೆಗಳ ಗರ್ಭಿಣಿಯರ ಒಪಿಡಿಗೆ ಬಂದವರ ರಕ್ತವನ್ನು ಹೇಗೂ ಸಿಫಿಲಿಸ್ ಎಂಬ ಲೈಂಗಿಕ ರೋಗದ ಪರೀಕ್ಷೆಗೆ ತೆಗೆಯುತ್ತಾರೆ. ಆ ಪರೀಕ್ಷೆ ಮುಗಿದ ಮೇಲೆ ಉಳಿದ ರಕ್ತದ ಮೇಲಿನ ಹೆಸರು ಅಳಿಸಿ, ಬರೀ ನಂಬರ್ ಹಾಕಿ, ಎಚ್‌ಐವಿ ಪರೀಕ್ಷೆ ಮಾಡುವುದು. ಒಂದೊಂದು ಕೇಂದ್ರದಿಂದ ಮೂರು ತಿಂಗಳಲ್ಲಿ 400 ಮಾದರಿ. ಗರ್ಭಿಣಿಯರೇ ಯಾಕೆ? ಅವರು ಸಾಮಾನ್ಯ ಜನರ ಪ್ರತಿನಿಧಿಗಳು ಅಂತ ಒಂದು ಅಂದಾಜು. ಆ ಅಂದಾಜಿನ ಮೇಲೆ ಲೆಕ್ಕ ಹಾಕಿ, 2006ರ ಹೊತ್ತಿಗೆ ಭಾರತದಲ್ಲಿ 50 ಲಕ್ಷಕ್ಕೂ ಜಾಸ್ತಿ ಎಚ್‌ಐವಿ ಪೀಡಿತರಿದ್ದಾರೆ ಎಂದು ಹೇಳಲಾಯಿತು. ಪ್ರಪಂಚದಲ್ಲೇ ಮೊದಲ ಸ್ಥಾನ ನಮ್ಮದು ಅಂತ ದೊಡ್ಡ ದೊಡ್ಡ ಹೆಡ್‌ಲೈನ್ ಬಂದಿತ್ತು.

ಮರುವರ್ಷ, 2007ರಲ್ಲಿ, ಅದು ಒಮ್ಮೆಲೇ 25 ಲಕ್ಷಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಅರ್ಧಕ್ಕರ್ಧ ಜನ ಗುಣವಾಗಲಿಲ್ಲ, ಸಾಯಲೂ ಇಲ್ಲ. ಲೆಕ್ಕ ಬದಲಾಯಿತು, ಅಷ್ಟೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂರನೇ ಸುತ್ತಿನಲ್ಲಿ ಮೊದಲ ಬಾರಿ ಮನೆಗಳಿಗೇ ಹೋಗಿ, ಒಪ್ಪಿದವರ ಬೆರಳಿನಿಂದ ಹನಿ ರಕ್ತ ತೆಗೆದು, ಸುಮಾರು ಒಂದು ಲಕ್ಷ ಜನರ ಪರೀಕ್ಷೆ ಮಾಡಿದರು. ವಯಸ್ಕರಲ್ಲಿ ಸಿಕ್ಕಿದ್ದು ನೂರಕ್ಕೆ 0.28. ಅದಕ್ಕೂ ಸ್ವಲ್ಪ ಮೊದಲು ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ಇದೇ ರೀತಿ ಮನೆಮನೆ ಅಧ್ಯಯನ ಆಗಿತ್ತು. ಅಲ್ಲಿಯೂ ಸೆಂಟಿನೆಲ್ ಲೆಕ್ಕದ ಅರ್ಧಕ್ಕಿಂತ ಕಡಿಮೆಯೇ ಸಿಕ್ಕಿತ್ತು.

ಎಡವಟ್ಟು ಎಲ್ಲಾಯಿತು? ಇಲ್ಲಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು ಇದ್ದರೆ ನಾನು ಹೇಳುವ ಮೊದಲೇ ಊಹಿಸುತ್ತೀರಿ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಗರ್ಭಿಣಿಗೆ ಎಚ್‌ಐವಿ ಪಾಸಿಟಿವ್ ಬಂತು ಅಂದುಕೊಳ್ಳಿ. ಮುಂದೇನು? ‘ನಮ್ಮಲ್ಲಿ ಸೌಕರ್ಯ ಇಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ’ ಅಂತ ಚೀಟಿ ಬರೆದು ಕಳಿಸುತ್ತಾರೆ. ಸುತ್ತಮುತ್ತಲಿನ ಪಾಸಿಟಿವ್ ಕೇಸುಗಳೆಲ್ಲ ಒಂದೇ ದೊಡ್ಡ ಆಸ್ಪತ್ರೆಯ ಒಪಿಡಿಯಲ್ಲಿ ಬಂದು ಸೇರುತ್ತವೆ. ನೀವು ಅದೇ ಒಪಿಡಿಯಲ್ಲಿ ಕೂತು 400 ಜನರ ರಕ್ತ ತೆಗೆದು, ಇದೇ ಇಡೀ ಜಿಲ್ಲೆಯ ಚಿತ್ರ ಅಂದರೆ ಹೇಗೆ? ಹೆದರಿಸಿ ಸಾಗಹಾಕುವ ನಮ್ಮ ಅಭ್ಯಾಸವೇ ದೇಶದ ಅಂಕಿಸಂಖ್ಯೆಯೊಳಗೆ ಹೋಗಿ ಕೂತಿತ್ತು.

ಇನ್ನೊಂದು ತಮಾಷೆ ನೋಡಿ. 2007ರಲ್ಲಿ 25 ಲಕ್ಷ, 2023ರಲ್ಲೂ ಸುಮಾರು 25 ಲಕ್ಷ. ಹಾಗಾದರೆ ಇಷ್ಟು ವರ್ಷ ಏನೂ ಆಗಲಿಲ್ವಾ ಅಂತ ಕೇಳಬೇಡಿ. ಈ ಎರಡು 25 ಲಕ್ಷ ಒಂದೇ ಅಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಉಚಿತವಾಗಿ ಸಿಗಲು ಶುರುವಾಯಿತು. ಅದಕ್ಕೆ ಮೊದಲು ಈ ಸೋಂಕು ಬಂದವರು ಕೆಲವು ವರ್ಷಗಳಲ್ಲಿ ಹೋಗಿಬಿಡುತ್ತಿದ್ದರು. ಈಗ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಮಕ್ಕಳ ಮದುವೆ ಮಾಡಿಸುತ್ತಿದ್ದಾರೆ, ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಹೊಸದಾಗಿ ಸೋಂಕು ತಗಲುವವರು ಕಡಿಮೆಯಾದರು, ಬದುಕಿ ಉಳಿದವರು ಜಾಸ್ತಿಯಾದರು. ಹಾಗಾಗಿ ಒಟ್ಟು ಸಂಖ್ಯೆ ಅಲ್ಲೇ ನಿಂತ ಹಾಗೆ ಕಾಣುತ್ತದೆ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಆ ಹೆಸರು ಅಳಿಸಿದ ರಕ್ತದ ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ನಂಬರ್ 217 ಪಾಸಿಟಿವ್ ಅಂತ ಬಂತು ಅಂದುಕೊಳ್ಳಿ. ಆ ಹೆಂಗಸಿಗೆ ಹೇಳುವ ಹಾಗೇ ಇಲ್ಲ, ಯಾಕೆಂದರೆ ಅವಳು ಯಾರು ಅಂತ ನಮಗೇ ಗೊತ್ತಿಲ್ಲ. ಗೊತ್ತಾಗಬಾರದು ಎಂದೇ ಆ ವ್ಯವಸ್ಥೆ ಮಾಡಿದ್ದು. ಔಷಧಿಯೇ ಇಲ್ಲದ ಕಾಲದಲ್ಲಿ ಇದನ್ನು ಹೇಗೋ ಸಮರ್ಥಿಸಬಹುದಿತ್ತು. ತಾಯಿಯಿಂದ ಮಗುವಿಗೆ ಹೋಗದಂತೆ ತಡೆಯುವ ಮದ್ದು ಬಂದ ಮೇಲೆ ಕಷ್ಟ. ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ಹೋಗುವ ಸಂಭವ ನೂರಕ್ಕೆ 15ರಿಂದ 45. ಸರಿಯಾಗಿ ಚಿಕಿತ್ಸೆ ಕೊಟ್ಟರೆ 5ಕ್ಕಿಂತ ಕಡಿಮೆ. ಈಗ ಗರ್ಭಿಣಿಯರಿಗೆ ಹೇಳಿಯೇ ಪರೀಕ್ಷೆ ಮಾಡುತ್ತಾರೆ, ಫಲಿತಾಂಶ ಅವರ ಕೈಗೇ ಕೊಡುತ್ತಾರೆ. ತಾಯಿ ಕಾರ್ಡ್ ಹಿಡಿದು ಮನೆಮನೆ ತಿರುಗುವ ಆಶಾ ಅಕ್ಕಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಈಗ ಕೇಳುವ ವಿಷಯಕ್ಕೆ ಬರೋಣ. ರಕ್ತವಾದರೆ ಸುಳ್ಳು ಹೇಳುವುದಿಲ್ಲ. ಆದರೆ ಸೋಂಕು ಯಾಕೆ ಹರಡುತ್ತಿದೆ ಅಂತ ತಿಳಿಯಬೇಕಾದರೆ ಜನರ ಬಾಯಿಯಿಂದ ಕೇಳಬೇಕು. ಅಲ್ಲಿ ಶುರುವಾಗುತ್ತದೆ ಫಜೀತಿ.

ಒಮ್ಮೆ ಮೀನುಗಾರಿಕೆ ಬಂದರಿನಲ್ಲಿ ಇಂಥದೊಂದು ಸಮೀಕ್ಷೆಯವರ ಜೊತೆ ನಾನೂ ಇದ್ದೆ. ಟ್ರಾಲ್ ಬೋಟು ದಕ್ಕೆಗೆ ಬಂದು ಮೀನು ಇಳಿಸಿಯಾಗಿತ್ತು. ಮತ್ತೆ ಹೊರಡುವುದಕ್ಕೆ ಐಸ್ ತುಂಬಿಸುತ್ತಿದ್ದರು. ಬೋಟಿನ ಹುಡುಗ ಒಡಿಶಾದವನು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಅವನಿಗೆ ಕನ್ನಡ, ತುಳು ಎರಡೂ ಅಷ್ಟಕ್ಕಷ್ಟೇ. ನಮ್ಮವರಿಗೆ ಒಡಿಯಾ ಬರುವುದಿಲ್ಲ. ಹಾಗಾಗಿ ನಡುವೆ ಮಾತು ದಾಟಿಸಲು ನಿಂತವರು ತಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಫಾರ್ಮಿನ ಪ್ರಶ್ನೆ ಹೀಗಿತ್ತು: ‘ಕಳೆದ ಆರು ತಿಂಗಳಲ್ಲಿ ದುಡ್ಡು ಕೊಟ್ಟು ಯಾರ ಹತ್ತಿರವಾದರೂ ಹೋಗಿದ್ದೀರಾ?’ ತಂಡೇಲರು ಅದನ್ನು ಏನಂತ ತಿರುಗಿಸಿ ಹೇಳಿದರೋ ದೇವರಿಗೇ ಗೊತ್ತು, ಸುತ್ತ ಇದ್ದವರೆಲ್ಲ ಜೋರಾಗಿ ನಕ್ಕರು. ಹುಡುಗ ಮೊದಲು ತಂಡೇಲರ ಮುಖ ನೋಡಿದ. ಆಮೇಲೆ ನೆಲ ನೋಡಿದ. ಇಲ್ಲ ಅಂತ ತಲೆ ಅಲ್ಲಾಡಿಸಿದ. ಫಾರ್ಮಿನಲ್ಲಿ ‘ಇಲ್ಲ’ಕ್ಕೆ ಟಿಕ್ ಬಿತ್ತು. ಸಂಬಳ ಕೊಡಿಸುವವರ ಎದುರಿಗೆ, ಬಲೆ ಹೊಲಿಯುತ್ತಿರುವ ಹತ್ತು ಜನರ ನಡುವೆ, ಆ ಹುಡುಗ ಹೌದು ಅನ್ನಲು ಸಾಧ್ಯವೇ ಇರಲಿಲ್ಲ, ಹೋಗಿದ್ದರೂ ಹೋಗದಿದ್ದರೂ. ಇಂಥ ಟಿಕ್‌ಗಳನ್ನೇ ಕೂಡಿಸಿ, ಶೇಕಡಾವಾರು ತೆಗೆದು, ವರದಿ ಮಾಡಿದರೆ ಅದಕ್ಕೆ ಎಷ್ಟು ಬೆಲೆ?

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ಒಳ್ಳೆಯ ಉಪಾಯವನ್ನು ಬಳಸಿದ್ದಾರೆ. 2003ರ ನಂತರ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಎಚ್‌ಐವಿ ತಡೆಯುವ ದೊಡ್ಡ ಕಾರ್ಯಕ್ರಮ ನಡೆಯುತ್ತಿತ್ತು. ಆಗ ಬಂದದ್ದು ಪೋಲಿಂಗ್ ಬೂತ್ ಸರ್ವೇ. ಹೆಸರೇ ಹೇಳುವ ಹಾಗೆ, ಮತದಾನದ ರೀತಿ. ಹತ್ತು ಹನ್ನೆರಡು ಜನರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಗಂಡಸರಾದರೆ ಎಲ್ಲ ಗಂಡಸರು, ಹೆಂಗಸರಾದರೆ ಎಲ್ಲ ಹೆಂಗಸರು. ಪ್ರತಿಯೊಬ್ಬರಿಗೂ ಸುತ್ತ ರಟ್ಟಿನ ಮರೆ. ಒಳಗೆ ಬೇರೆ ಬೇರೆ ಬಣ್ಣದ ಡಬ್ಬಿ, ಹೌದು ಅನ್ನಲು ಒಂದು, ಇಲ್ಲ ಅನ್ನಲು ಒಂದು. ಕೈಯಲ್ಲಿ ಪ್ರಶ್ನೆಯ ನಂಬರ್ ಇರುವ ಕಾರ್ಡುಗಳು. ಒಬ್ಬರು ಮುಂದೆ ನಿಂತು ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ. ಆ ನಂಬರಿನ ಕಾರ್ಡನ್ನು ಯಾವುದಾದರೂ ಡಬ್ಬಿಗೆ ಹಾಕಿದರಾಯಿತು. ಓದು ಬರಹ ಬಾರದವರೂ ಮಾಡಬಹುದು. ಕೊನೆಗೆ ಎಲ್ಲರ ಕಾರ್ಡು ಒಟ್ಟು ಸೇರಿಸಿ ಎಣಿಸುತ್ತಾರೆ. ಹನ್ನೆರಡರಲ್ಲಿ ಐದು ಹೌದು ಅಂತ ಗೊತ್ತಾಗುತ್ತದೆ, ಆ ಐದು ಜನ ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮುಖಾಮುಖಿ ಕೇಳಿದ ಉತ್ತರದ ಜೊತೆ ಇದನ್ನು ಹೋಲಿಸಿ ನೋಡಿದಾಗ, ನಾಚಿಕೆಯ ವಿಷಯಗಳಲ್ಲಿ ಡಬ್ಬಿಯೊಳಗಿನ ‘ಹೌದು’ ಸ್ಪಷ್ಟವಾಗಿ ಜಾಸ್ತಿ ಇತ್ತು.

ನಷ್ಟವೂ ಉಂಟು. ಯಾರು ಏನು ಹೇಳಿದರು ಅಂತ ಗೊತ್ತಿಲ್ಲದ ಮೇಲೆ, ‘ಮದುವೆಯಾದವರಲ್ಲಿ ಎಷ್ಟು, ಆಗದವರಲ್ಲಿ ಎಷ್ಟು’ ಅಂತ ಬಿಡಿಸಿ ನೋಡಲು ಆಗುವುದಿಲ್ಲ. ಪ್ರಶ್ನೆ ಚಿಕ್ಕದಾಗಿರಬೇಕು, ಉತ್ತರ ಎರಡೇ ಇರಬೇಕು. ಆದರೂ ಸುಳ್ಳಿನ ಉದ್ದದ ವಿವರಕ್ಕಿಂತ ನಿಜದ ಗಿಡ್ಡ ಉತ್ತರ ನನಗೆ ಇಷ್ಟ.

ಡಬ್ಬಿ ಬಂತು ನೋಡಿ. ಇಬ್ಬರು ವಿದ್ಯಾರ್ಥಿಗಳು ಬಂದು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿ. ಗೀಟಿನದ್ದು ಆಚೆ, ಸೊನ್ನೆಯದ್ದು ಈಚೆ... ಆಯಿತಾ? ಎಣಿಸಿ ಹೇಳುವುದು ಬೇಡ, ಇಲ್ಲಿಂದಲೇ ಕಾಣುತ್ತದೆ ಅಲ್ವಾ? ಗೀಟಿನ ಗುಡ್ಡೆ ಅಷ್ಟೇನೂ ಸಣ್ಣದಲ್ಲ. ಕೈ ಎತ್ತಿ ಅಂದಾಗ ಸೊನ್ನೆ ಇತ್ತು. ಅದೇ ಜನ, ಅದೇ ಪ್ರಶ್ನೆ, ಅರ್ಧ ಗಂಟೆಯೂ ಆಗಿಲ್ಲ. ಯಾರೂ ಮುಖ ಸಣ್ಣ ಮಾಡಿಕೊಳ್ಳಬೇಡಿ, ಗೀಟು ಹಾಕಿದವರಿಗೆ ನಾನು ಥ್ಯಾಂಕ್ಸ್ ಹೇಳುತ್ತೇನೆ. ಬಡಿಸಿದ ಊಟದಿಂದ ಎಚ್‌ಐವಿ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ, ಸೊಳ್ಳೆ ಕಚ್ಚಿದರೂ ಬರುವುದಿಲ್ಲ. ಇದು ನಿಮಗೆಲ್ಲ ಗೊತ್ತಿದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತೆಗೆದಿದ್ದೀರಿ. ಆದರೂ ಅಳುಕು ಹೋಗಿಲ್ಲ. ‘ಜನರಿಗೆ ಮಾಹಿತಿ ಕೊಟ್ಟರೆ ಸಾಕು’ ಅಂತ ಯಾರಾದರೂ ಹೇಳಿದಾಗ ಈ ಗುಡ್ಡೆ ನೆನಪು ಮಾಡಿಕೊಳ್ಳಿ.

ಇನ್ನು ಹೆಪಟೈಟಿಸ್, ಅಂದರೆ ವೈರಸ್‌ನಿಂದ ಬರುವ ಲಿವರಿನ ಉರಿಯೂತ. ಇದರಲ್ಲಿ ನಮ್ಮ ಕರಾವಳಿಗೆ ಒಂದು ವಿಶೇಷ ಉಂಟು.

ಹೆಪಟೈಟಿಸ್ ಬಿ ತನಗಿದೆ ಅಂತ ನಮ್ಮೂರಿನ ಹುಡುಗರಿಗೆ ಗೊತ್ತಾಗುವುದು ಎಲ್ಲಿ? ಎಷ್ಟೋ ಸಲ ಗಲ್ಫ್ ಮೆಡಿಕಲ್‌ನಲ್ಲಿ, ಅಂದರೆ ಗಲ್ಫ್ ಕೆಲಸಕ್ಕೆ ಹೋಗುವ ಮೊದಲಿನ ಆರೋಗ್ಯ ತಪಾಸಣೆಯಲ್ಲಿ. ವೀಸಾ ಬಂದಿರುತ್ತದೆ, ಏಜೆಂಟರಿಗೆ ದುಡ್ಡು ಕೊಟ್ಟಾಗಿರುತ್ತದೆ, ತಂಗಿ ಮದುವೆಯ ಸಾಲದ ಲೆಕ್ಕವೂ ಆಗಿರುತ್ತದೆ. ಮೆಡಿಕಲ್‌ನಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಎಲ್ಲ ನೋಡುತ್ತಾರೆ. ಎಚ್‌ಬಿಎಸ್‌ಎಜಿ, ಅಂದರೆ ರಕ್ತದಲ್ಲಿ ಬಿ ವೈರಸ್‌ನ ಗುರುತು, ಪಾಸಿಟಿವ್ ಅಂತ ಬಂದರೆ ಅನ್‌ಫಿಟ್. ಹುಡುಗನಿಗೆ ಒಂದು ದಿನವೂ ಜ್ವರ ಬಂದಿರುವುದಿಲ್ಲ, ಕಣ್ಣು ಹಳದಿಯಾಗಿರುವುದಿಲ್ಲ. ‘ಅನ್‌ಫಿಟ್’ ಎನ್ನುವ ಒಂದು ಶಬ್ದ ಬಿಟ್ಟರೆ ಏನನ್ನೂ ಯಾರೂ ಬಿಡಿಸಿ ಹೇಳುವುದಿಲ್ಲ. ಮನೆಯಲ್ಲಿ ಶುರುವಾಗುವ ಮೊದಲ ಪ್ರಶ್ನೆ: ಎಲ್ಲಿಂದ ತಂದೆ ಮಾರಾಯ ಇದನ್ನು?

ಹುಟ್ಟಿದಾಗಲೇ ಬಂದಿರಬಹುದು. ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಈ ವೈರಸ್ ದೊಡ್ಡವರಿಗೆ ತಗಲಿದರೆ ನೂರರಲ್ಲಿ 95 ಜನಕ್ಕೂ ಹೆಚ್ಚು ಮಂದಿಯ ದೇಹ ಅದನ್ನು ತಾನೇ ಹೊರಗೆ ಹಾಕುತ್ತದೆ. ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ ಹೋದರೆ ನೂರರಲ್ಲಿ 90 ಮಕ್ಕಳಲ್ಲಿ ಅದು ಜೀವಮಾನಕ್ಕೆ ಉಳಿದುಬಿಡುತ್ತದೆ. ಅಂದರೆ ಇಪ್ಪತ್ತೈದರ ಹುಡುಗನಲ್ಲಿ ಹಳೆಯ ಸೋಂಕು ಸಿಕ್ಕಿತು ಅಂದರೆ, ಅವನ ನಡತೆಯ ಲೆಕ್ಕ ಕೇಳುವುದಕ್ಕೆ ಮೊದಲು ತಾಯಿಯ, ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ರಕ್ತ ಪರೀಕ್ಷೆ ಮಾಡಿಸಬೇಕು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡುವುದು ಇದಕ್ಕಾಗಿ. ಆಮೇಲೆ 6, 10, 14 ವಾರಕ್ಕೆ ಐದು ಲಸಿಕೆ ಒಟ್ಟಿಗಿರುವ ಪೆಂಟಾವೇಲೆಂಟ್‌ನಲ್ಲಿ ಅದೇ ಲಸಿಕೆ ಮತ್ತೆ ಬರುತ್ತದೆ. ‘ಮಗು ಸಣ್ಣದು, ನಾಳೆ ಕೊಡಿ, ನಾಡಿದ್ದು ಕೊಡಿ’ ಅಂತ ಅಜ್ಜಿಯಂದಿರು ಹೇಳುತ್ತಾರೆ. ಆ ಒಂದು ದಿನ ಬಿಟ್ಟುಕೊಡಬೇಡಿ.

ಅನ್‌ಫಿಟ್ ಆದ ಹುಡುಗ ಮುಂದೆ ಎಲ್ಲಿಗೆ ಹೋಗುತ್ತಾನೆ? ನಾಟಿ ಮದ್ದಿಗೆ. ಕಾಮಾಲೆಗೆ ನೆಲನೆಲ್ಲಿ ಅರೆದು ಹಾಲಲ್ಲಿ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇದನ್ನು ನಗೆಯಾಡಿ ಬಿಡಬಹುದು. ಆದರೆ ಕತೆ ಸ್ವಾರಸ್ಯವಾಗಿದೆ, ಎರಡು ನಿಮಿಷ ಕೊಡಿ. ಹೆಪಟೈಟಿಸ್ ಬಿ ವೈರಸ್‌ನ ಗುರುತನ್ನು ಮೊದಲು ಪತ್ತೆ ಮಾಡಿದವರು ಬರೂಕ್ ಬ್ಲೂಂಬರ್ಗ್. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹುಟ್ಟುಹಬ್ಬ ಜುಲೈ 28ನ್ನೇ ನಾವು ವಿಶ್ವ ಹೆಪಟೈಟಿಸ್ ದಿನ ಅಂತ ಆಚರಿಸುವುದು. ಇದೇ ಬ್ಲೂಂಬರ್ಗ್ ಮದ್ರಾಸಿನ ಸಂಶೋಧಕರ ಜೊತೆ ಸೇರಿ ನಮ್ಮ ನೆಲನೆಲ್ಲಿಯನ್ನು ಪರೀಕ್ಷೆ ಮಾಡಿದರು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಓದಿದರೆ ಯಾರಿಗಾದರೂ ಖುಷಿಯಾಗಬೇಕು. ನೆಲನೆಲ್ಲಿ ಪುಡಿ ತಿಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ರಕ್ತದಿಂದ ಎಚ್‌ಬಿಎಸ್‌ಎಜಿ ಮಾಯವಾಗಿತ್ತು. ಹೋಲಿಕೆಗೆಂದು ಕೊಟ್ಟ ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಆದರೆ ಆ ಪ್ರಯೋಗದಲ್ಲಿದ್ದವರು ಹತ್ತಾರು ಜನ ಅಷ್ಟೇ. ಎರಡು ವರ್ಷದ ಮೇಲೆ ಥಾಯ್ಲೆಂಡಿನವರು ಮತ್ತೆ ಮಾಡಿ ನೋಡಿದರು, ಫಲ ಸಿಗಲಿಲ್ಲ. ಬೇರೆ ಕಡೆಯೂ ಮೊದಲಿನಂಥ ಫಲ ಮತ್ತೆ ಬರಲಿಲ್ಲ. ನಾಟಿ ಮದ್ದನ್ನು ವಿಜ್ಞಾನಿಗಳು ಯಾವತ್ತೂ ಗಂಭೀರವಾಗಿ ನೋಡುವುದೇ ಇಲ್ಲ ಅಂತ ಯಾರಾದರೂ ದೂರಿದರೆ ಇದನ್ನು ಹೇಳಿ. ನೊಬೆಲ್ ಪಡೆದವರೇ ನೋಡಿದ್ದಾರೆ, ಆಸೆಯಿಂದಲೇ ನೋಡಿದ್ದಾರೆ.

ಹಾಗಾದರೆ ನಾಟಿ ಮದ್ದಿನಿಂದ ಕಾಮಾಲೆ ವಾಸಿಯಾದವರು ಊರಲ್ಲಿ ಅಷ್ಟೊಂದು ಜನ ಇದ್ದಾರಲ್ಲ? ಇದ್ದಾರೆ. ಊರಲ್ಲಿ ಸಾಮಾನ್ಯವಾಗಿ ಕಾಮಾಲೆ ತರುವುದು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಹೆಚ್ಚಿನವರಿಗೆ ಅವು ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಹೆಸರು ಮಾತ್ರ ಮದ್ದಿಗೆ ಬರುತ್ತದೆ. ಬಿ ಮತ್ತು ಸಿ ಬೇರೆ ಜಾತಿ. ಅವು ರಕ್ತದಿಂದ, ಸೂಜಿಯಿಂದ, ತಾಯಿಯಿಂದ, ಲೈಂಗಿಕ ಸಂಪರ್ಕದಿಂದ ಬರುತ್ತವೆ, ಸದ್ದಿಲ್ಲದೆ ವರ್ಷಾನುಗಟ್ಟಲೆ ಇದ್ದು ಲಿವರ್ ಸಿರೋಸಿಸ್, ಕ್ಯಾನ್ಸರ್ ತನಕ ಒಯ್ಯುತ್ತವೆ. ಲೈಂಗಿಕ ಸಂಪರ್ಕದಿಂದ ಹೆಪಟೈಟಿಸ್ ಬಿ ಸುಲಭವಾಗಿ ಹರಡುತ್ತದೆ ಎಂಬುದು ಈಗಷ್ಟೇ ಮದುವೆಯಾದ ಎಷ್ಟು ಜೋಡಿಗೆ ಗೊತ್ತು?

ಈಗ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಭಾರತದಲ್ಲಿ ಎಚ್‌ಐವಿ ಇರುವವರು ಸುಮಾರು 25 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಲ್ಲಿ ಹೆಪಟೈಟಿಸ್ ಬಿ ಇರುವವರು 2.98 ಕೋಟಿ, ಸಿ ಇರುವವರು 55 ಲಕ್ಷ. ಬಿ ಒಂದೇ ಹತ್ತು ಪಟ್ಟಿಗಿಂತ ಜಾಸ್ತಿ. ನರ್ಸಿಂಗ್ ಮಕ್ಕಳೇ, ನಿಮಗೆ ಇನ್ನೊಂದು ಲೆಕ್ಕ. ಸೋಂಕಿರುವ ರಕ್ತದ ಸೂಜಿ ಕೈಗೆ ಚುಚ್ಚಿತು ಅಂದುಕೊಳ್ಳಿ. ಎಚ್‌ಐವಿ ಬರುವ ಸಂಭವ ಸಾವಿರಕ್ಕೆ 3. ಸಿ ಆದರೆ ನೂರಕ್ಕೆ ಹೆಚ್ಚೆಂದರೆ 3. ಲಸಿಕೆ ಹಾಕಿಸಿಕೊಳ್ಳದಿದ್ದರೆ ಬಿ ನೂರಕ್ಕೆ 30ರ ತನಕ. ಬಿ ವೈರಸ್ ಒಣಗಿದ ರಕ್ತದಲ್ಲಿ, ದೇಹದ ಹೊರಗೆ, ಏಳು ದಿನ ಜೀವ ಹಿಡಿದಿರುತ್ತದೆ. ಸೆಲೂನಿನ ಬ್ಲೇಡ್ ಪ್ರತಿಸಲ ಹೊಸದಾ ಅಂತ ನೋಡಬೇಕಾದದ್ದು ಎಚ್‌ಐವಿ ಭಯಕ್ಕಿಂತ ಜಾಸ್ತಿ ಇದಕ್ಕೆ. ವಾರ್ಡಿನಲ್ಲಿ ನಾನು ನೋಡಿದ್ದು ಏನೆಂದರೆ, ಎಚ್‌ಐವಿ ಅಂತ ಕೇಸ್ ಶೀಟಿನಲ್ಲಿ ಇದ್ದರೆ ಎರಡು ಜೊತೆ ಗ್ಲೌಸ್. ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂತ ಇದ್ದರೆ ‘ಓ, ಅದಾ’. ಸೂಜಿ ಚುಚ್ಚಿದರೆ ಎಚ್‌ಐವಿಗೆ 72 ಗಂಟೆಯೊಳಗೆ ಪಿಇಪಿ, ಅಂದರೆ ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆ ಶುರು ಮಾಡಬೇಕು, ಆದಷ್ಟು ಬೇಗ, 28 ದಿನ. ಬಿಗಾದರೆ ಮೊದಲೇ ಲಸಿಕೆ ಉಂಟು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೇ ಡೋಸ್ ಹಾಕಿಸಿಕೊಳ್ಳಲು ಮರೆತವರು ಇಲ್ಲಿ ಎಷ್ಟು ಜನ ಅಂತ ಕೈ ಎತ್ತಿಸಿ ಕೇಳುವುದಿಲ್ಲ ಬಿಡಿ, ಹೇಗೂ ನಿಜ ಹೇಳುವುದಿಲ್ಲ!

ಸಿ ಬಗ್ಗೆ ಚಿಕ್ಕದಾಗಿ. ಅದಕ್ಕೆ ಲಸಿಕೆ ಇಲ್ಲ, ಆದರೆ ಪೂರ್ತಿ ಗುಣವಾಗುತ್ತದೆ. ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಬ್ಲಡ್ ಬ್ಯಾಂಕುಗಳಲ್ಲಿ ಸಿ ಪರೀಕ್ಷೆ ಕಡ್ಡಾಯವಾದದ್ದು ಎಚ್‌ಐವಿ ಪರೀಕ್ಷೆಗಿಂತ ಎಷ್ಟೋ ವರ್ಷ ತಡವಾಗಿ. ಹಾಗಾಗಿ 90ರ ದಶಕದಲ್ಲಿ ಹೆರಿಗೆಗೋ ಆಪರೇಶನ್‌ಗೋ ರಕ್ತ ಹಾಕಿಸಿಕೊಂಡವರು, ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರು ಮನೆಯಲ್ಲಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಬಿ ಇದೆ ಅಂತ ಗೊತ್ತಾದವರಿಗೂ ಇದೇ ಕಾರ್ಯಕ್ರಮ ಇದೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಲಿವರ್ ಟೆಸ್ಟ್, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ), ಸ್ಕ್ಯಾನ್ ನೋಡಿ ತೀರ್ಮಾನ ಮಾಡುತ್ತಾರೆ. ಬೇಕಾದವರಿಗೆ ಟೆನೊಫೊವಿರ್ ಕೊಡುತ್ತಾರೆ. ಇದು ಎಚ್‌ಐವಿಗೂ ಕೊಡುವ ಮಾತ್ರೆ. ವೈರಸನ್ನು ಕಟ್ಟಿಹಾಕುತ್ತದೆ, ಆದರೆ ತಿಂಗಳೊಪ್ಪತ್ತಿನಲ್ಲಿ ರಿಪೋರ್ಟ್ ನೆಗೆಟಿವ್ ಮಾಡಿಕೊಡುವುದಿಲ್ಲ. ಹಾಗೆ ಮಾಡಿಕೊಡುತ್ತೇನೆ ಅಂತ ಹೇಳುವವರಿಂದ ದೂರ ಇರಿ, ಅವರು ಏಜೆಂಟರೇ ಆಗಿರಲಿ, ಪಂಡಿತರೇ ಆಗಿರಲಿ.

ಇನ್ನೊಂದು ವಿಷಯ, ‘ಹೈ ರಿಸ್ಕ್ ಗ್ರೂಪ್’, ಅಂದರೆ ಸೋಂಕಿನ ಅಪಾಯ ಜಾಸ್ತಿ ಇರುವವರ ಗುಂಪು. ಪುಸ್ತಕದಲ್ಲಿ ಓದಿ ಓದಿ ನಮಗೆ ಬಾಯಿಪಾಠವಾಗಿದೆ. ಇದು ಎಲ್ಲಿಂದ ಬಂತು ನೋಡಿ. 1986ರಲ್ಲಿ ಭಾರತದಲ್ಲಿ ಮೊದಲ ಎಚ್‌ಐವಿ ಸೋಂಕು ಪತ್ತೆಯಾದದ್ದು ಮದ್ರಾಸಿನಲ್ಲಿ. ಮಾಡಿದವರು ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ರಕ್ತ ತೆಗೆದದ್ದು ರಿಮ್ಯಾಂಡ್ ಹೋಮಿನಲ್ಲಿ ಇಟ್ಟಿದ್ದ ಲೈಂಗಿಕ ವೃತ್ತಿಯ ಹೆಂಗಸರಿಂದ. ಆ ಕಾಲದಲ್ಲಿ, ಏನೂ ಸೌಕರ್ಯ ಇಲ್ಲದೆ ಮಾಡಿದ ದೊಡ್ಡ ಕೆಲಸ ಅದು. ಆದರೆ ಮೊದಲು ಹುಡುಕಿದ್ದು ಅವರಲ್ಲಿ, ಹಾಗಾಗಿ ಸಿಕ್ಕಿದ್ದೂ ಅವರಲ್ಲಿ. ಊರಿಗೆ ಊರೇ ಇದು ಅವರ ಕಾಯಿಲೆ ಅಂತ ತೀರ್ಮಾನ ಮಾಡಿತು. ಮನೆಯೊಳಗಿನ ಹೆಂಗಸರನ್ನು ಯಾರೂ ಕೇಳಲೇ ಇಲ್ಲ.

ಕೇಳಿದಾಗ ಏನಾಯಿತು? 1997ರಲ್ಲಿ ಪುಣೆಯ ಗುಪ್ತರೋಗ ಚಿಕಿತ್ಸಾಲಯಗಳ ಒಂದು ಅಧ್ಯಯನ ಬಂತು. ಲೈಂಗಿಕ ವೃತ್ತಿಯಲ್ಲಿಲ್ಲದ, ಹೆಚ್ಚಿನವರು ಮದುವೆಯಾಗಿ ಗಂಡನ ಜೊತೆ ಮಾತ್ರ ಸಂಬಂಧ ಇದ್ದ ಹೆಂಗಸರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಎಚ್‌ಐವಿ ಇತ್ತು. ಅವರು ಮಾಡಿದ ‘ರಿಸ್ಕ್’ ಏನು? ಮದುವೆಯಾದದ್ದು. ಇಲ್ಲಿ ಬಂದರಿನ ಹತ್ತಿರ ಪಣಂಬೂರು, ಬೈಕಂಪಾಡಿಯಲ್ಲಿ ಸಾಲಾಗಿ ನಿಂತ ಲಾರಿಗಳನ್ನು ನೋಡಿ ‘ಇವರಿಂದಲೇ ಎಲ್ಲ’ ಅನ್ನುವುದು ಸುಲಭ. ಸೋಂಕು ಯಾರ ವೃತ್ತಿಯನ್ನೂ ವಿಚಾರಿಸುವುದಿಲ್ಲ. ಕಾಂಡೋಮ್ ಇತ್ತಾ, ಗಾಯ ಇತ್ತಾ, ಸಿಫಿಲಿಸ್‌ನಂಥ ಇನ್ನೊಂದು ಸೋಂಕು ಇತ್ತಾ, ಎದುರಿಗಿನವರು ಚಿಕಿತ್ಸೆಯಲ್ಲಿ ಇದ್ದಾರಾ, ಇದಿಷ್ಟೇ ಅದಕ್ಕೆ ಬೇಕಾದದ್ದು.

ಆ ಕೊನೆಯದ್ದು ದೊಡ್ಡ ವಿಷಯ. 2011ರಲ್ಲಿ ಒಂಬತ್ತು ದೇಶಗಳ 1,763 ಜೋಡಿಗಳ ಅಧ್ಯಯನ ಬಂತು. ನಮ್ಮ ಚೆನ್ನೈ, ಪುಣೆ ಕೂಡ ಅದರಲ್ಲಿದ್ದವು. ಒಬ್ಬರಿಗೆ ಎಚ್‌ಐವಿ ಇದೆ, ಇನ್ನೊಬ್ಬರಿಗೆ ಇಲ್ಲ. ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಹೋಗುವುದು 96% ಕಡಿಮೆಯಾಯಿತು. 2016ರಲ್ಲಿ ಯುರೋಪಿನಿಂದ ಇನ್ನೊಂದು ಬಂತು. ಮಾತ್ರೆಯಿಂದ ವೈರಲ್ ಲೋಡ್ ಪತ್ತೆಗೆ ಸಿಗದಷ್ಟು ಇಳಿದವರು, ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ ಲೆಕ್ಕ. ಸಂಗಾತಿಯಿಂದ ಸಂಗಾತಿಗೆ ಹೋದ ಸೋಂಕು ಒಂದೂ ಇಲ್ಲ. ಎಚ್‌ಐವಿ ಬಗ್ಗೆ ಭಾಷಣ ಮಾಡುವವರು ಇದನ್ನು ಹೇಳಲು ಯಾಕೋ ಹಿಂಜರಿಯುತ್ತಾರೆ, ಜನ ಸಡಿಲ ಬಿಡುತ್ತಾರೆ ಅಂತ ಭಯ. ನನಗೆ ಆ ಭಯ ಇಲ್ಲ. ಇದು ಗೊತ್ತಾದರೆ ಜನ ಮಾತ್ರೆ ತಪ್ಪಿಸುವುದಿಲ್ಲ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: ‘ಜಾತಕ ನೋಡುವ ಹಾಗೆ ಮದುವೆಗೆ ಮೊದಲು ಎಚ್‌ಐವಿ ಟೆಸ್ಟ್ ಕಡ್ಡಾಯ ಮಾಡಿದರೆ ಆಗದಾ ಮೇಡಂ?’

ಒಳ್ಳೆಯ ಪ್ರಶ್ನೆ, ಎಲ್ಲ ಕಡೆ ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತ. ಮೊದಲನೆಯದು ಕಾನೂನು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಇದೆ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ. ಎರಡನೆಯದು ಲೆಕ್ಕ. ವಯಸ್ಕರಲ್ಲಿ ಎಚ್‌ಐವಿ ಇರುವುದು ಸಾವಿರಕ್ಕೆ 2. ಹತ್ತು ಸಾವಿರ ವಧೂವರರಿಗೆ ಟೆಸ್ಟ್ ಮಾಡಿದರೆ 20 ಜನಕ್ಕೆ ನಿಜವಾಗಿ ಇರಬಹುದು. ಕಿಟ್ ಎಷ್ಟೇ ಒಳ್ಳೆಯದಿರಲಿ, ಸೋಂಕಿಲ್ಲದ 200 ಜನರಲ್ಲಿ ಒಬ್ಬರಿಗೆ ತಪ್ಪಾಗಿ ಪಾಸಿಟಿವ್ ತೋರಿಸಿತು ಅಂತ ಇಟ್ಟುಕೊಳ್ಳಿ. ಅದು ಸುಮಾರು 50 ಜನ ಆಯಿತು. ಒಟ್ಟು 70 ಪಾಸಿಟಿವ್, ಅದರಲ್ಲಿ 50 ಸುಳ್ಳು. ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡದೆ ಪಾಸಿಟಿವ್ ಅಂತ ಹೇಳದೇ ಇರುವುದು ಇದಕ್ಕೇ. ಛತ್ರ ಬುಕ್ ಆಗಿ, ಕಾಗದ ಹಂಚಿ ಆದ ಮೇಲೆ, ಮೂಲೆಯ ಲ್ಯಾಬ್‌ನ ಒಂದೇ ರಿಪೋರ್ಟ್ ಹಿಡಿದು ಬರುವ ಬೀಗರಿಗೆ ಇದನ್ನು ಯಾರು ವಿವರಿಸುವುದು? ಮತ್ತೆ, ಕಡ್ಡಾಯ ಅಂದ ಕೂಡಲೇ ದುಡ್ಡು ಕೊಟ್ಟು ನೆಗೆಟಿವ್ ರಿಪೋರ್ಟ್ ತರುವ ದಾರಿಯೂ ಹುಟ್ಟುತ್ತದೆ.

ಇಷ್ಟಪಟ್ಟು ಇಬ್ಬರೂ ಒಟ್ಟಿಗೆ ಹೋಗುವುದಾದರೆ ಖಂಡಿತ ಹೋಗಿ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಇದೆ. ದುಡ್ಡಿಲ್ಲ, ಗುಟ್ಟು ಕಾಯುತ್ತಾರೆ. ಮೊದಲು ಫೋನಿನಲ್ಲಿ ಕೇಳಬೇಕಾದರೆ ಸಹಾಯವಾಣಿ 1097. ಹುಡುಗನದ್ದು ಮಾತ್ರ, ಹುಡುಗಿಯದ್ದು ಮಾತ್ರ ಅಂತ ಮಾಡಬೇಡಿ, ಇಬ್ಬರದ್ದೂ ಮಾಡಿಸಿ. ಅದರ ಜೊತೆ ಎಚ್‌ಬಿಎಸ್‌ಎಜಿ ಕೂಡ ನೋಡಿಸಿ. ಒಬ್ಬರಿಗೆ ಬಿ ಇದೆ ಅಂತ ಬಂದರೆ ಮದುವೆ ನಿಲ್ಲಿಸುವ ಅಗತ್ಯ ಇಲ್ಲ, ಇನ್ನೊಬ್ಬರಿಗೆ ಮೂರು ಡೋಸ್ ಲಸಿಕೆ ಹಾಕಿಸಿ. ಮೂರೂ ಡೋಸ್ ಮುಗಿದು, ಟೈಟರ್ (ಲಸಿಕೆಯಿಂದ ರಕ್ತದಲ್ಲಿ ಬಂದ ರಕ್ಷಣೆಯ ಅಳತೆ) 10ಕ್ಕಿಂತ ಮೇಲೆ ಬಂದಿದೆಯಾ ಅಂತ ಒಂದೆರಡು ತಿಂಗಳ ನಂತರ ನೋಡಿಸಿಕೊಳ್ಳುವವರೆಗೆ ಕಾಂಡೋಮ್ ಬಳಸಲಿ.